ಚನ್ನಪಟ್ಟಣದ ಬೊಂಬೆಗಳೂ ಹೊಲದ ಬದುವಿನ ಹಾಲೆಮರವೂ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಸುಮಾರು 60 ಕಿಲೋಮೀಟರು ದೂರದಲ್ಲಿರುವ ಚನ್ನಪಟ್ಟಣವು ಅರಗಿನ ಬಣ್ಣದ ಬೊಂಬೆಗಳಿಗೆ ಹೆಸರಾದ ಊರೆಂಬುದು ಸರ್ವರಿಗೂ ತಿಳಿದ ವಿಷಯ. ಟಿಪ್ಪು ಸುಲ್ತಾನನ ಕಾಲದಲ್ಲಿ ಪಾರಸಿಕ ದೇಶದ ಕುಶಲಿಗಳಿಂದ ಈ ವಿದ್ಯೆಯು ಇಲ್ಲಿಗೆ ಬಂದಿತೆಂದು ಪ್ರತೀತಿಯುಂಟು. 2005-06ನೆಯ ಸಾಲಿನಲ್ಲಿ ಈ ಬೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ನೋಂದಣಿ ದೊರೆತು, ಊರಿನ ಹೆಸರನ್ನು ಅನ್ಯರು ತಮ್ಮ ಸರಕಿಗೆ ಇಟ್ಟುಕೊಳ್ಳದಂತೆ ಶಾಸನದ ರಕ್ಷಣೆಯೂ ಒದಗಿತು. ಆದರೆ ಹೆಸರಿಗೆ ರಕ್ಷಣೆ ದೊರೆತಷ್ಟು ಸುಲಭವಾಗಿ ಮರಕ್ಕೆ ದೊರೆಯಲಿಲ್ಲ. ಈ ಕೈಗಾರಿಕೆಗೆ ಬೇಕಾದ ಮರವು ಬೆಳೆಯುವುದು ಹಳ್ಳಿಗಳ ಕುರುಚಲು ಕಾಡಿನಲ್ಲಿಯೂ ಹೊಲಗಳ ಬದುಗಳಲ್ಲಿಯೂ ಎಂಬ ಸಂಗತಿಯನ್ನು ಜಮೀನುದಾರರು ಅಷ್ಟಾಗಿ ಗಮನಿಸಿದಂತೆ ಕಾಣುವುದಿಲ್ಲ.

ಆ ಮರವೇ ಹಾಲೆ. ಕೆಲವರು ಆಲೆಯೆಂದೂ ಹೇಳುವರು. ಕರಾವಳಿಯವರು ಹಾಲೆಯೆಂದು ಕರೆಯುವ, ಒಂದೇ ಗೆಣ್ಣಿನಲ್ಲಿ ಏಳೇಳು ಎಲೆ ಬಿಡುವ ಹೆಮ್ಮರವು ಬೇರೆ. ಇವೆರಡನ್ನೂ ಒಂದೆಂದು ಭಾವಿಸಿ ಸಸಿ ತಂದವರು ಮೋಸಹೋಗುವರು. ನಮ್ಮ ಬಯಲುಸೀಮೆಯ ಹಾಲೆಯು ಚಿಕ್ಕ ಮರ. ಎಲೆ ಮುರಿದರೆ ಬಿಳಿಯ ಹಾಲು ಒಸರುವುದು. ಬೇಸಗೆಯಲ್ಲಿ ಬಿಳಿಯ ಹೂವು ಬಿಟ್ಟು, ಜೋಡಿಜೋಡಿಯಾಗಿ ನೀಳವಾದ ಕಾಯಿಗಳು ತೂಗುವುವು. ಇದರ ಮರವು ದಂತದಂತೆ ಬಿಳುಪಾಗಿ, ನವುರಾದ ಎಳೆಯುಳ್ಳದ್ದಾಗಿ, ಉಳಿಗೆ ಸಲೀಸಾಗಿ ಒಗ್ಗುತ್ತದೆ. ಬಿಳುಪಾದುದರಿಂದಲೇ ಮೇಲೆ ಹಚ್ಚಿದ ಬಣ್ಣವು ಮಂಕಾಗದೆ ಕಾಣುವುದು.

ಕಡಿದ ಮರವನ್ನು ಎರಡು ಮೂರು ತಿಂಗಳು ಒಣಗಲಿಟ್ಟು, ತುಂಡರಿಸಿ, ಚರಕಿಗೆ ಸಿಕ್ಕಿಸಿ ಕಡೆಯುತ್ತಾರೆ. ರೂಪ ಬಂದ ಬಳಿಕ, ತಿರುಗುತ್ತಿರುವ ಮರಕ್ಕೆ ಬಣ್ಣ ಕಲಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುವರು. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ; ಒಲೆಯೂ ಬೇಡ, ಕುಂಚವೂ ಬೇಡ. ಅನಂತರ ಕೇದಗೆಯ ಜಾತಿಯ ಒಣಗರಿಯನ್ನು ಅದುಮಿದರೆ ಬಣ್ಣವು ಸಮನಾಗಿ ಹರಡಿ ಹೊಳಪೇರುತ್ತದೆ. ಉಳಿದ ಚೂರುಗಳಿಂದ ಮಣಿ, ಗುಂಡಿಗಳನ್ನು ಮಾಡುವುದುಂಟು. ಹೊಟ್ಟು ಒಲೆಗೆ ಸಲ್ಲುತ್ತದೆ. ಅರಗಾದರೋ ಮುತ್ತುಗ, ಎಲಚಿ, ಸಾಗಡೆ ಮೊದಲಾದ ಮರಗಳ ಕೊಂಬೆಗಳ ಮೇಲೆ ಒಂದು ಸಣ್ಣ ಕೀಟವು ಸ್ರವಿಸುವ ಅಂಟು. ಕಸುಬಿನ ಸಾಮಗ್ರಿಗಳಲ್ಲಿ ಬಹುಪಾಲು ಮತ್ತೆ ಮತ್ತೆ ಬೆಳೆಯತಕ್ಕವೇ ಆಗಿವೆ.

ಬಣ್ಣದ ವಿಷಯದಲ್ಲಿ ಮಾತ್ರ ದಾರಿ ತಪ್ಪಿದ್ದುಂಟು. ಅಗ್ಗವೆಂದು ರಾಸಾಯನಿಕ ಬಣ್ಣಗಳನ್ನು ಹಿಡಿದವರಿಗೆ ಪರದೇಶದ ಕಟ್ಟಳೆಗಳು ಎಚ್ಚರಿಕೆ ನೀಡಿದುವು. ಕೂಸುಗಳು ಬೊಂಬೆಯನ್ನು ಬಾಯಿಗಿಡುವುದು ಸಹಜ. ಸೀಸವು ಮಕ್ಕಳ ಮಿದುಳಿಗೆ ವಿಷ. ಅಮೆರಿಕದಲ್ಲಿ 2008ರಲ್ಲಿ ಆದ ಶಾಸನದ ಮೇರೆಗೆ, ಆಟಿಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಪಾಲಿಗೆ 90 ಪಾಲನ್ನು ಮೀರಕೂಡದೆಂದು 2009ರಲ್ಲಿ ವಿಧಿಸಲಾಯಿತು. ನಮ್ಮ ದೇಶದಲ್ಲಿಯೂ 2021ರ ಜನವರಿ 1ರಿಂದ ಆಟಿಕೆಗಳಿಗೆ ಗುಣಮಟ್ಟದ ಮುದ್ರೆ ಕಡ್ಡಾಯವಾಯಿತು. ನೋಂದಾಯಿತ ಕರಕುಶಲಿಗಳಿಗೆ ಅದರಲ್ಲಿ ವಿನಾಯಿತಿ ಕೊಡಲಾಯಿತಾದರೂ, ಕೊಳ್ಳುವ ತಾಯಿಯ ಅನುಮಾನಕ್ಕೆ ಯಾವ ಸರ್ಕಾರವೂ ವಿನಾಯಿತಿ ಕೊಡಲಾರದು. ಆದುದರಿಂದ ಅರಿಸಿನದಿಂದ ಹಳದಿ, ರಂಗುಮಾಲೆಯ ಬೀಜದಿಂದ ಕಿತ್ತಳೆ, ಕಾಚಿನಿಂದ ಕಂದು, ನೀಲಿಗಿಡದಿಂದ ನೀಲಿ, ನೀಲಿಗೆ ಅರಿಸಿನ ಬೆರಸಿ ಹಸಿರು, ಹೀಗೆ ಸಸ್ಯಗಳ ಬಣ್ಣವನ್ನು ಬಳಸುವ ಕಸುಬುದಾರರಿಗೆ ಒಳ್ಳೆಯ ಗಿರಾಕಿಗಳು ದೊರೆತಿದ್ದಾರೆ. ಪ್ಲಾಸ್ಟಿಕ್ಕಿನ ಆಟಿಕೆಯೊಡನೆ ಬೆಲೆಯಲ್ಲಿ ಸೆಣಸಿ ಗೆಲ್ಲುವುದು ಇವರಿಗೆ ಅಸಾಧ್ಯ. ನಿರಪಾಯವೆಂಬ ಕೀರ್ತಿಯೊಂದೇ ಇವರಿಗಿರುವ ಬಂಡವಾಳ.

ಇತ್ತ ಹಾಲೆಯು ವರ್ಷೇ ವರ್ಷೇ ವಿರಳವಾಗುತ್ತಿದೆ. ಕುರುಚಲು ಸವರಿ ನಿವೇಶನಗಳಾದುವು, ಬದುಗಳು ಕಿರಿದಾದುವು. ಹಾಲೆ ಸಿಕ್ಕದವರು ರಬ್ಬರು, ಸಿಲ್ವರ್ ಓಕು ಮುಂತಾದ ಮರಗಳನ್ನು ತರಿಸಿಕೊಳ್ಳುತ್ತಾರೆ. ಮರ ದೂರದಿಂದ ಬಂದಷ್ಟೂ ಸಾಗಣೆಯ ವೆಚ್ಚವು ಕಸುಬುದಾರನ ಕೂಲಿಯನ್ನೇ ನುಂಗುವುದೆಂಬುದನ್ನು ಬೇರೆ ಹೇಳಬೇಕಾದುದಿಲ್ಲ.

ರಾಮನಗರ, ಕನಕಪುರ, ಮಾಗಡಿ ತಾಲ್ಲೂಕುಗಳ ಹಿಡುವಳಿದಾರರಿಗೆ ಇದರಿಂದ ಲಾಭವುಂಟು. ಹಾಲೆಯನ್ನು ಬುಡಸಹಿತ ಕೀಳಬೇಕಾದುದಿಲ್ಲ. ಕಡಿದ ಮೋಟಿನಿಂದ ಚಿಗುರು ಹೊರಟು ಮತ್ತೆ ಬೆಳೆಯುವುದು. ಆಟಿಕೆಗೆ ಭಾರಿ ದಿಮ್ಮಿಯ ಅಗತ್ಯವಿಲ್ಲವಾಗಿ, ತೋಳಿನ ಗಾತ್ರದ ಕೊಂಬೆಗೂ ಉಪಯೋಗವುಂಟು. ಚಿಕ್ಕ ಮರವಾದ್ದರಿಂದ ರಾಗಿಯ ಹೊಲಕ್ಕೆ ದಟ್ಟವಾದ ನೆರಳು ಕವಿಯದು. ಕೂಡಲೆ ಹಣ ಕಾಣಬೇಕೆಂಬವರಿಗೆ ಇದು ಹೇಳಿದ ಬೆಳೆಯಲ್ಲ. ಆದರೆ ಖಾಲಿ ಬಿದ್ದ ಬದುವಿನಿಂದ ಈಗ ಬರುತ್ತಿರುವ ಆದಾಯವಾದರೂ ಎಷ್ಟು?

ರಾಮನಗರದ ರೇಷ್ಮೆಯ ಕಸುಬಿನಲ್ಲಿಯೂ ಇಂಥದೇ ಲೆಕ್ಕಾಚಾರವಿದೆ. ನೂಲು ಬಿಚ್ಚುವವರು ಗೂಡು ಬೇಯಿಸುವ ನೀರಿಗೆ ಸೌದೆ ಉರಿಸುತ್ತಾರೆ. ಬಿಸಿಲಿನಿಂದ ನೀರು ಕಾಯಿಸಿಕೊಂಡು ಒಲೆಗಿಟ್ಟರೆ ಅಷ್ಟು ಸೌದೆ ಉಳಿಯುವುದು. ನೂಲು ತೆಗೆದುಳಿದ ಕೋಶವು ಮೀನಿಗೂ ಕೋಳಿಗೂ ಮೇವು. ಹುಳುಮನೆಯ ಹಿಕ್ಕೆಯೂ ಸೊಪ್ಪಿನ ಶೇಷವೂ ಹಿಪ್ಪುನೇರಳೆಯ ತೋಟಕ್ಕೆ ಗೊಬ್ಬರ. ನೆರೆಹೊಲದವನು ಸಿಂಪಡಿಸಿದ ಕೀಟನಾಶಕವು ಗಾಳಿಗೆ ತೇಲಿ ಬಂದರೂ ಹುಳುಗಳು ಸಾಯುವುದರಿಂದ, ಈ ವಿಷಯದಲ್ಲಿ ಊರಿನವರೆಲ್ಲ ಕೂಡಿ ನಡೆಯಬೇಕಾಗುತ್ತದೆ. ಅದನ್ನು ಒಂದು ಗೊತ್ತಿಗೆ ತರುವುದು ಗ್ರಾಮದ ಮುಖಂಡರ ಕೆಲಸವಲ್ಲದೆ ಇಲಾಖೆಯಿಂದ ಆಗತಕ್ಕದ್ದಲ್ಲ.

ಹಾಲೆಯ ಕಾಯಿಗಳನ್ನು ಬಲಿತೊಡನೆ, ಬಿರಿಯುವ ಮುನ್ನವೇ, ಕೊಯ್ದುಕೊಳ್ಳಬೇಕು. ತಡವಾದರೆ ಬೀಜಗಳು ತಮ್ಮ ರೇಷ್ಮೆಯಂಥ ಕುಚ್ಚಿನೊಡನೆ ಗಾಳಿಗೆ ಹಾರಿಹೋಗುವುವು. ಕುಚ್ಚು ಬಿಡಿಸಿ, ಬಹುಕಾಲ ಇಡದೆ ಒಟ್ಟುಪಾತಿಯಲ್ಲಿ ಬಿತ್ತಿ, ಮುಂಗಾರು ಹದವಾದ ಬಳಿಕ ಸಸಿಗಳನ್ನು ಬದುವಿಗೆ ನಾಟಿ ಮಾಡಬಹುದು; ಎಳೆಯ ಸಸಿಗೆ ಮುಳ್ಳಿನ ಬೇಲಿ ಅವಶ್ಯ. 1976ರ ಮರಗಳ ಸಂರಕ್ಷಣಾ ಶಾಸನವು ಖಾಸಗಿ ಜಮೀನಿಗೂ ಅನ್ವಯಿಸುವುದರಿಂದ, ಬೆಳೆದ ಮರಕ್ಕೆ ಕೊಡಲಿ ಹಾಕುವ ಮುನ್ನ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳತಕ್ಕದ್ದು.