ಮಲ್ಯ ಸಾಲ: ಕೊಟ್ಟವರು ಯಾರು, ಬಿಟ್ಟವರು ಯಾರು?

ಶುಕ್ರವಾರ ಜುಮಾ ನಮಾಜು ಮುಗಿಸಿ ಎಲ್ಲರೂ ಊಟಕ್ಕೆ ಕುಳಿತಾಗ, ಗುಲ್ವಾಡಿಯ ನಮ್ಮ ಮನೆಯಲ್ಲಿ ಒಂದು ಹೆಸರು ಬಂದರೆ ಸಾಕು, ಊಟ ತಣ್ಣಗಾಗುತ್ತದೆ. ಅದು ವಿಜಯ್ ಮಲ್ಯ. "ಸಾಲ ಕೊಟ್ಟದ್ದೆಲ್ಲ ಕಾಂಗ್ರೆಸ್ ಕಾಲದಲ್ಲಿ" ಎಂದು ಮಾಮು ಶುರು ಮಾಡುತ್ತಾರೆ. "ಓಡಿಹೋಗಲು ಬಿಟ್ಟದ್ದು ಬಿಜೆಪಿ ಕಾಲದಲ್ಲಿ" ಎಂದು ಚಾಚಾ ಹೇಳುತ್ತಾರೆ. ಮಾತೆಲ್ಲ ಉರ್ದುವಿನಲ್ಲೇ ನಡೆದರೂ ಜಗಳ ಮಾತ್ರ ಟಿವಿಯಲ್ಲಿ ಬರುವಂಥದ್ದೇ. ಅಬ್ಬ ಮಾತ್ರ ಏನೂ ಹೇಳದೆ ಊಟ ಮುಗಿಸಿ ಏಳುತ್ತಾರೆ. ಅವರ ಮೌನಕ್ಕೆ ಕಾರಣವಿದೆ, ಅದನ್ನು ಕೊನೆಗೆ ಹೇಳುತ್ತೇನೆ.

ಒಂದು ದಿನ ಮಾಮು ನನ್ನ ಕಡೆ ತಿರುಗಿ, "ನೀನು ಕಾಮರ್ಸ್ ಓದುತ್ತೀಯಲ್ಲ, ನೀನೇ ಹೇಳು, ಯಾರು ಸರಿ?" ಎಂದರು. ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಪತ್ರಿಕೆಗಳನ್ನು ಓದಿ, ನಮ್ಮ ಉಪನ್ಯಾಸಕರಲ್ಲಿ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ನನಗೆ ಅರ್ಥವಾದದ್ದು ಇಷ್ಟು: ನಾವು ಒಂದೇ ಪ್ರಶ್ನೆ ಎಂದುಕೊಂಡಿರುವುದು ನಿಜವಾಗಿ ನಾಲ್ಕು ಪ್ರಶ್ನೆಗಳು. ನಾಲ್ಕಕ್ಕೂ ಒಂದೇ ಪಕ್ಷದ ಹೆಸರು ಉತ್ತರವಾಗುವುದಿಲ್ಲ.

ಮೊದಲ ಪ್ರಶ್ನೆ: ರಾಜ್ಯಸಭೆಗೆ ಕಳಿಸಿದವರು ಯಾರು?

ಮಲ್ಯ ಮನೆತನದ ಮೂಲ ನಮ್ಮ ಕರಾವಳಿಯ ಬಂಟ್ವಾಳ. ವಿಜಯ್ ಮಲ್ಯ ಅವರು ಬರೀ ಉದ್ಯಮಿಯಾಗಿರಲಿಲ್ಲ, ಕರ್ನಾಟಕದಿಂದ ಎರಡು ಬಾರಿ ರಾಜ್ಯಸಭಾ ಸದಸ್ಯರೂ ಆಗಿದ್ದರು. ಎರಡು ಬಾರಿಯೂ ನಿಂತದ್ದು ಪಕ್ಷೇತರರಾಗಿ. ಆದರೆ ರಾಜ್ಯಸಭೆಗೆ ಮತ ಹಾಕುವವರು ನಾವಲ್ಲ, ನಾವು ಆರಿಸಿದ ಶಾಸಕರು. ಹಾಗಾಗಿ ಪಕ್ಷಗಳ ಬೆಂಬಲವಿಲ್ಲದೆ ಪಕ್ಷೇತರರು ಅಲ್ಲಿಗೆ ಹೋಗುವುದು ಸಾಧ್ಯವಿಲ್ಲ.

ಲೆಕ್ಕ ಹೀಗಿದೆ. ನಮ್ಮ ವಿಧಾನಸಭೆಯಲ್ಲಿ ಚುನಾಯಿತ ಶಾಸಕರು 224. ನಾಲ್ಕು ಸ್ಥಾನಗಳಿಗೆ ಚುನಾವಣೆ ನಡೆದರೆ 224ನ್ನು ಐದರಿಂದ ಭಾಗಿಸಿ ಒಂದನ್ನು ಕೂಡಿಸಬೇಕು. ಒಬ್ಬರು ಗೆಲ್ಲಲು ಸುಮಾರು 45 ಮತ ಬೇಕು. 2008ರ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿ 110, ಕಾಂಗ್ರೆಸ್ 80, ಜೆಡಿಎಸ್ 28 ಸ್ಥಾನ ಗೆದ್ದಿದ್ದವು. ಉಪಚುನಾವಣೆಗಳಲ್ಲಿ ಸಂಖ್ಯೆ ಸ್ವಲ್ಪ ಬದಲಾದರೂ ಸ್ಥಿತಿ ಅದೇ ಇತ್ತು. 2010ರಲ್ಲಿ ಮಲ್ಯ ಅವರಿಗೆ ಜೆಡಿಎಸ್ ಬೆಂಬಲ ಕೊಟ್ಟಿತು, ಆದರೆ ಅಷ್ಟು ಮತ ಸಾಲದು. ಬಿಜೆಪಿಗೆ ತನ್ನ ಇಬ್ಬರು ಅಭ್ಯರ್ಥಿಗಳು ಗೆದ್ದ ಮೇಲೂ ಮತಗಳು ಉಳಿಯುತ್ತಿದ್ದವು. ಆ ಹೆಚ್ಚುವರಿ ಮತಗಳು ಮಲ್ಯ ಅವರಿಗೆ ಹೋದವು. ಅದಕ್ಕೂ ಮೊದಲು, 2002ರಲ್ಲಿ ಅವರು ಗೆದ್ದದ್ದು ಕಾಂಗ್ರೆಸ್ ಮತ್ತು ಜೆಡಿಎಸ್ ಶಾಸಕರ ಬೆಂಬಲದಿಂದ.

ಅಂದರೆ ಮೂರೂ ಪಕ್ಷಗಳು ಒಂದಲ್ಲ ಒಂದು ಸಲ ಅವರಿಗೆ ಕೈ ಎತ್ತಿವೆ. ಈ ಲೆಕ್ಕ ಹೇಳಿದಾಗ ಮಾಮು, ಚಾಚಾ ಇಬ್ಬರೂ ಮೊದಲ ಬಾರಿಗೆ ಒಟ್ಟಿಗೆ ಸುಮ್ಮನಾದರು.

ಎರಡನೆಯ ಪ್ರಶ್ನೆ: ಸಾಲ ಕೊಟ್ಟವರು ಯಾರು?

ಕಿಂಗ್‌ಫಿಷರ್ ಏರ್‌ಲೈನ್ಸ್ ಹಾರಾಟ ಶುರು ಮಾಡಿದ್ದು 2005ರ ಮೇ ತಿಂಗಳಲ್ಲಿ. 2007ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಕಂಪನಿಯ ಷೇರುಗಳನ್ನು ಖರೀದಿಸಿತು. ಮರುವರ್ಷವೇ ಕಚ್ಚಾ ತೈಲದ ಬೆಲೆ ಬ್ಯಾರೆಲ್‌ಗೆ 147 ಡಾಲರ್‌ವರೆಗೆ ಏರಿತು. ಯಾವ ವರ್ಷವೂ ಲಾಭ ಕಾಣದ ಆ ಕಂಪನಿ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿತು. ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿಯಾಯಿತು. ಸ್ಟೇಟ್ ಬ್ಯಾಂಕ್ ಮುಂದಾಳತ್ವದ 17 ಬ್ಯಾಂಕುಗಳಿಗೆ ಬರಬೇಕಾದ ಹಣ 2016ರ ಹೊತ್ತಿಗೆ ಬಡ್ಡಿ ಸೇರಿ ಸುಮಾರು 9,000 ಕೋಟಿ ರೂಪಾಯಿ.

ಈ ಸಾಲದ ಬಹುಭಾಗ ಮಂಜೂರಾದದ್ದು 2014ಕ್ಕೆ ಮೊದಲು, ಯುಪಿಎ ಸರಕಾರವಿದ್ದಾಗ. 2010ರಲ್ಲಿ ಸಾಲದ ಕಂತು, ಅವಧಿಗಳನ್ನು ಸಡಿಲಿಸಿ ಮರುಹೊಂದಾಣಿಕೆ ಮಾಡಿದ್ದೂ ಆಗಲೇ. ಇಷ್ಟರ ಮಟ್ಟಿಗೆ ಮಾಮು ಸರಿ. ಅದೇ ಕಾಲದಲ್ಲಿ ಮಲ್ಯ ಅವರು ನಾಗರಿಕ ವಿಮಾನಯಾನಕ್ಕೆ ಸಂಬಂಧಿಸಿದ ಸಂಸದೀಯ ಸಮಿತಿಯಲ್ಲೂ ಸದಸ್ಯರಾಗಿದ್ದರು. ವಿಮಾನ ಕಂಪನಿಯ ಒಡೆಯರೇ ವಿಮಾನಯಾನದ ಸಮಿತಿಯಲ್ಲಿ ಕುಳಿತರೆ ಕೇಳುವವರು ಯಾರು ಎಂಬ ಪ್ರಶ್ನೆಯನ್ನು ಯಾವ ಪಕ್ಷವೂ ಆಗ ಗಟ್ಟಿಯಾಗಿ ಎತ್ತಲಿಲ್ಲ.

ನಮ್ಮ ಲೆಕ್ಕಶಾಸ್ತ್ರ ಪಾಠಕ್ಕೆ ಸಂಬಂಧಿಸಿದ ಸಂಗತಿಯೂ ಇಲ್ಲಿದೆ. ಸಾಲಕ್ಕೆ ಆಧಾರವಾಗಿ ಬ್ಯಾಂಕುಗಳು ಪಡೆದವುಗಳಲ್ಲಿ ಕಿಂಗ್‌ಫಿಷರ್ ಎಂಬ ಬ್ರ್ಯಾಂಡ್ ಹೆಸರೂ ಒಂದು. ಕಂಪನಿ ಹಾರುತ್ತಿದ್ದಾಗ ಆ ಹೆಸರಿಗೆ ಸಾವಿರಾರು ಕೋಟಿ ಬೆಲೆ ಕಟ್ಟಲಾಗಿತ್ತು. 2016ರ ಏಪ್ರಿಲಿನಲ್ಲಿ 366.70 ಕೋಟಿ ಮೂಲ ಬೆಲೆಗೆ ಹರಾಜಿಗಿಟ್ಟಾಗ ಒಬ್ಬರೂ ಕೂಗಲಿಲ್ಲ. ಕಣ್ಣಿಗೆ ಕಾಣದ ಆಸ್ತಿ ಎಂದು ನಾವು ಓದುತ್ತೇವಲ್ಲ, ವ್ಯವಹಾರ ನಿಂತರೆ ಅದರ ಬೆಲೆಯೂ ನಿಲ್ಲುತ್ತದೆ.

ಕೊಟ್ಟ ಬ್ಯಾಂಕುಗಳ ಪಟ್ಟಿಯಲ್ಲಿ ಒಂದು ಹೆಸರು ನೋಡಿ ನನಗೆ ಬೇಸರವಾಯಿತು: ಕಾರ್ಪೊರೇಶನ್ ಬ್ಯಾಂಕ್. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು 5,000 ರೂಪಾಯಿ ಬಂಡವಾಳದಿಂದ ಸ್ಥಾಪಿಸಿದ ಬ್ಯಾಂಕ್ ಅದು. ಊರಿನ ಜನರಲ್ಲಿ ಉಳಿತಾಯದ ಅಭ್ಯಾಸ ಬೆಳೆಯಲಿ ಎಂಬುದು ಅವರ ಆಸೆಯಾಗಿತ್ತು. 2020ರ ಏಪ್ರಿಲ್ 1ರಂದು ಅದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಬ್ಯಾಂಕ್ ಸಾಲ ಕೊಡುವುದು ತನ್ನ ಮನೆಯ ಹಣದಿಂದಲ್ಲ, ನಮ್ಮಂಥವರ ಠೇವಣಿಯಿಂದ. ನಮ್ಮ ಮನೆಯ ಮಾತಿನಲ್ಲಿ ಅಮಾನತ್ ಎಂದರೆ ನಂಬಿ ಇಡಲು ಕೊಟ್ಟ ವಸ್ತು. ಕನ್ನಡ ಪತ್ರಿಕೆಯಲ್ಲಿ ಅಮಾನತು ಎಂದರೆ ಕೆಲಸದಿಂದ ತಾತ್ಕಾಲಿಕವಾಗಿ ದೂರವಿಡುವುದು. ಒಂದೇ ಪದಕ್ಕೆ ಎರಡು ಅರ್ಥ ಹೇಗೆ ಬಂತು ಎಂದು ಚಿಕ್ಕವಳಿದ್ದಾಗ ಗೊಂದಲವಾಗುತ್ತಿತ್ತು. ಠೇವಣಿ ಎನ್ನುವುದು ಮೊದಲನೆಯ ಅರ್ಥದ ಅಮಾನತ್.

ಮೂರನೆಯ ಪ್ರಶ್ನೆ: ಹೊರಗೆ ಬಿಟ್ಟವರು ಯಾರು?

2016ರ ಮಾರ್ಚ್ 2ರಂದು ಮಲ್ಯ ಅವರು ದೆಹಲಿಯಿಂದ ಲಂಡನ್ನಿಗೆ ಹೋದರು. ಆಗ ಕೇಂದ್ರದಲ್ಲಿ ಎನ್‌ಡಿಎ ಸರಕಾರವಿತ್ತು. 2015ರ ಅಕ್ಟೋಬರಿನಲ್ಲಿ ಸಿಬಿಐ ಹೊರಡಿಸಿದ್ದ ಲುಕ್‌ಔಟ್ ನೋಟಿಸಿನಲ್ಲಿ ಅವರನ್ನು ತಡೆಯಬೇಕು ಎಂದಿತ್ತು. ನವೆಂಬರಿನಲ್ಲಿ ಅದನ್ನು ಬದಲಿಸಿ, ಪ್ರಯಾಣದ ಮಾಹಿತಿ ಕೊಟ್ಟರೆ ಸಾಕು ಎಂದು ಮಾಡಲಾಯಿತು. ಬಂಧನದ ವಾರಂಟ್ ಇಲ್ಲದಿದ್ದರಿಂದ ಮೊದಲಿನ ನೋಟಿಸೇ ತಪ್ಪಾಗಿತ್ತು ಎಂದು ಸಿಬಿಐ ಸಮಜಾಯಿಷಿ ನೀಡಿತು. ಈ ವಿಷಯದಲ್ಲಿ ಚಾಚಾ ಕೇಳುವ ಪ್ರಶ್ನೆ ಸರಿಯಾದದ್ದೇ.

2018ರ ಸೆಪ್ಟೆಂಬರಿನಲ್ಲಿ ಜಗಳ ಇನ್ನೂ ಬಿಸಿಯಾಯಿತು. ಹೊರಡುವ ಮೊದಲು ಹಣಕಾಸು ಸಚಿವರನ್ನು ಭೇಟಿಯಾಗಿದ್ದೆ ಎಂದು ಮಲ್ಯ ಅವರು ಲಂಡನ್ನಿನ ನ್ಯಾಯಾಲಯದ ಹೊರಗೆ ಹೇಳಿದರು. 2014ರ ನಂತರ ತಾನು ಅವರಿಗೆ ಭೇಟಿಗೆ ಸಮಯವನ್ನೇ ಕೊಟ್ಟಿಲ್ಲ ಎಂದು ಅರುಣ್ ಜೇಟ್ಲಿ ಉತ್ತರಿಸಿದರು. ಸಂಸದನೆಂಬ ಸವಲತ್ತನ್ನು ಬಳಸಿಕೊಂಡು ಸದನದಿಂದ ಹೊರಗೆ ಬರುವಾಗ ತನ್ನ ಹಿಂದೆ ಬಂದು ಮಾತನಾಡಿಸಿದರು, ಬ್ಯಾಂಕುಗಳ ಬಳಿ ಮಾತನಾಡಿ ಎಂದು ಹೇಳಿ ಕಳಿಸಿದೆ ಎಂದರು. ಕಾಂಗ್ರೆಸ್ ಸಚಿವರ ರಾಜೀನಾಮೆ ಕೇಳಿತು. ಸಾಲ ಕೊಟ್ಟವರೇ ಪ್ರಶ್ನೆ ಕೇಳುತ್ತಿದ್ದಾರೆ ಎಂದು ಬಿಜೆಪಿ ತಿರುಗಿಸಿ ಹೇಳಿತು.

ಇಬ್ಬರ ಮಾತಿನಲ್ಲೂ ಒಂದು ಅಂಶ ಮಾತ್ರ ಸಮಾನವಾಗಿದೆ: ಅವರು ಸಂಸದರಾಗಿದ್ದರು. ಸಾಮಾನ್ಯ ಸಾಲಗಾರನಿಗೆ ಸಂಸತ್ತಿನ ಮೊಗಸಾಲೆಯಲ್ಲಿ ಸಚಿವರ ಜೊತೆ ನಡೆಯಲು ಆಗುವುದಿಲ್ಲ. ಅವರು ವಿದೇಶಕ್ಕೆ ಹೋದದ್ದೂ ಸಂಸದರಿಗೆ ಸಿಗುವ ರಾಜತಾಂತ್ರಿಕ ಪಾಸ್‌ಪೋರ್ಟಿನಲ್ಲಿ. ಅದು ರದ್ದಾದದ್ದು 2016ರ ಏಪ್ರಿಲಿನಲ್ಲಿ. ಕರಣ್ ಸಿಂಗ್ ಅಧ್ಯಕ್ಷತೆಯ ರಾಜ್ಯಸಭೆಯ ನೀತಿ ಸಮಿತಿ ಅವರನ್ನು ಉಚ್ಚಾಟಿಸಲು ಮುಂದಾದಾಗ, ಮೇ ತಿಂಗಳ ಆರಂಭದಲ್ಲಿ ಅವರು ರಾಜೀನಾಮೆ ಕೊಟ್ಟರು. ಆ ಸಮಿತಿಯಲ್ಲಿ ಎಲ್ಲ ಪಕ್ಷದವರಿದ್ದರೂ ತೀರ್ಮಾನ ಒಮ್ಮತದ್ದಾಗಿತ್ತು ಎಂಬುದನ್ನು ನೆನಪಿಡಬೇಕು.

ನಾಲ್ಕನೆಯ ಪ್ರಶ್ನೆ: ಸಾಲ ಮನ್ನಾ ಆಯಿತೇ?

2016ರ ನವೆಂಬರಿನಲ್ಲಿ ಸ್ಟೇಟ್ ಬ್ಯಾಂಕ್ ಕಿಂಗ್‌ಫಿಷರ್‌ನ 1,201 ಕೋಟಿ ಸಾಲವನ್ನು ರೈಟ್ ಆಫ್ ಮಾಡಿದ ಸುದ್ದಿ ಬಂತು. ಮಲ್ಯ ಸಾಲ ಮನ್ನಾ ಆಯಿತು ಎಂದು ವಿರೋಧ ಪಕ್ಷದವರು ಟೀಕಿಸಿದರು. ಇದು ಮನ್ನಾ ಅಲ್ಲ ಎಂದು ಸರಕಾರ ಹೇಳಿತು.

ಇದನ್ನು ನನ್ನ ಮಾಮುವಿನ ಅಂಗಡಿಯಿಂದಲೇ ವಿವರಿಸಬಹುದು. ಮೂರು ವರ್ಷದಿಂದ ಬಾರದ ಉದ್ರಿಯನ್ನು ಅವರು ದಿನದ ಪುಸ್ತಕದಿಂದ ತೆಗೆದು ಹಳೆಯ ಪುಸ್ತಕಕ್ಕೆ ಬರೆದಿಡುತ್ತಾರೆ. ಈ ವರ್ಷದ ಲಾಭ ಲೆಕ್ಕ ಹಾಕುವಾಗ ಆ ಹಣವನ್ನು ನಷ್ಟವೆಂದೇ ಹಿಡಿಯುತ್ತಾರೆ. ಆದರೆ ಸಾಲ ಮಾಡಿದವರು ಗಲ್ಫ್‌ನಿಂದ ರಜೆಗೆ ಬಂದರೆ ಸಾಕು, ಮಾಮು ಹಳೆಯ ಪುಸ್ತಕ ಹಿಡಿದು ಅವರ ಮನೆ ಬಾಗಿಲಲ್ಲಿ ಇರುತ್ತಾರೆ. ಇದು ರೈಟ್ ಆಫ್. "ಹೋಗಲಿ ಬಿಡು, ಕೊಡಬೇಡ" ಎಂದರೆ ಅದು ಮನ್ನಾ. ಇಲ್ಲಿ ಆದದ್ದು ರೈಟ್ ಆಫ್. ಆದರೂ ಟೀಕೆಯಲ್ಲಿ ಒಂದು ಸತ್ಯವಿದೆ. ವಸೂಲಾಗುವವರೆಗೆ ಆ ನಷ್ಟ ಬ್ಯಾಂಕಿನ ಲಾಭವನ್ನು ತಿನ್ನುತ್ತದೆ, ಸರಕಾರಿ ಬ್ಯಾಂಕಾದರೆ ಅದು ಕೊನೆಗೆ ಎಲ್ಲರ ಹಣ.

ವಸೂಲಿ ಎಷ್ಟಾಯಿತು? 2017ರ ಜನವರಿಯಲ್ಲಿ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ 6,203 ಕೋಟಿಯನ್ನು ವರ್ಷಕ್ಕೆ 11.5ರ ಬಡ್ಡಿ ಸಹಿತ ವಸೂಲು ಮಾಡಲು ಆದೇಶಿಸಿತು. 2024ರ ಡಿಸೆಂಬರಿನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಲೋಕಸಭೆಯಲ್ಲಿ, ಮಲ್ಯ ಅವರ 14,131 ಕೋಟಿ ಮೌಲ್ಯದ ಆಸ್ತಿಯನ್ನು ಬ್ಯಾಂಕುಗಳಿಗೆ ಮರಳಿಸಲಾಗಿದೆ ಎಂದರು. ಎರಡು ಪಟ್ಟು ಕಿತ್ತುಕೊಂಡರು ಎಂದು ಮಲ್ಯ ಅವರು ದೂರಿದರು. 2025ರಲ್ಲಿ ಲೆಕ್ಕಪತ್ರ ಕೇಳಿ ಕರ್ನಾಟಕ ಹೈಕೋರ್ಟಿಗೂ ಹೋದರು.

ಇದನ್ನು ಪೆನ್ಸಿಲ್ ಹಿಡಿದು ನೋಡೋಣ. 6,203 ಕೋಟಿಗೆ 11.5ರಂತೆ ಸರಳ ಬಡ್ಡಿಯೇ ವರ್ಷಕ್ಕೆ ಸುಮಾರು 713 ಕೋಟಿ. ಹತ್ತು ವರ್ಷಕ್ಕೆ 7,133 ಕೋಟಿ, ಅಸಲು ಸೇರಿ 13,336 ಕೋಟಿ. ಹಾಗಾಗಿ ಅಸಲಿನ ಎರಡು ಪಟ್ಟು ಎಂಬುದಷ್ಟೇ ಅನ್ಯಾಯಕ್ಕೆ ಸಾಕ್ಷಿಯಲ್ಲ. ಆದರೆ ನಡುನಡುವೆ ಹಣ ಬಂದಂತೆ ಅಸಲು, ಬಡ್ಡಿ ಎರಡೂ ಇಳಿಯಬೇಕು. ಎಷ್ಟು ಇಳಿಯಬೇಕು ಎಂಬುದು ಲೆಕ್ಕಪತ್ರದಿಂದ ತೀರ್ಮಾನವಾಗಬೇಕಾದ ವಿಷಯ, ಘೋಷಣೆಯಿಂದಲ್ಲ.

ಮಲ್ಯ ಅವರು ತನ್ನದು ವ್ಯಾಪಾರದ ಸೋಲು, ಮೋಸವಲ್ಲ ಎನ್ನುತ್ತಾರೆ. ಸಿಬಿಐ ಮತ್ತು ಜಾರಿ ನಿರ್ದೇಶನಾಲಯ ಮೋಸ ಎನ್ನುತ್ತವೆ. 2019ರ ಜನವರಿಯಲ್ಲಿ ಮುಂಬೈಯ ವಿಶೇಷ ನ್ಯಾಯಾಲಯ ಅವರನ್ನು ಪರಾರಿಯಾದ ಆರ್ಥಿಕ ಅಪರಾಧಿ ಎಂದು ಘೋಷಿಸಿತು. ಆದೇಶ ಮೀರಿ ಮಕ್ಕಳಿಗೆ 4 ಕೋಟಿ ಡಾಲರ್ ವರ್ಗಾಯಿಸಿದ್ದಕ್ಕೆ, ನ್ಯಾಯಾಂಗ ನಿಂದನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರಲ್ಲಿ ನಾಲ್ಕು ತಿಂಗಳ ಶಿಕ್ಷೆ ವಿಧಿಸಿತು. ಆದರೆ ಮೋಸದ ಆರೋಪದ ವಿಚಾರಣೆ ನಡೆದು ತೀರ್ಪು ಬರಬೇಕಾದರೆ ಅವರು ಇಲ್ಲಿಗೆ ಬರಬೇಕು.

ಅಬ್ಬನ ಸಹಿ

ಈಗ ಅಬ್ಬನ ವಿಷಯ. ಅಬ್ಬ ದರ್ಜಿ. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಅವರ ಗೆಳೆಯರೊಬ್ಬರು ಗೂಡ್ಸ್ ಟೆಂಪೊಗೆ ಸಾಲ ತೆಗೆದರು, ಅಬ್ಬ ಜಾಮೀನು ಹಾಕಿದರು. ಗೆಳೆಯರು ಕಾಯಿಲೆ ಬಿದ್ದು ಕಂತು ನಿಂತಾಗ ನೋಟಿಸು ಬಂದದ್ದು ನಮ್ಮ ಮನೆಗೆ. ಅಬ್ಬ ತಿಂಗಳಿಗೆ 6,800 ರೂಪಾಯಿಯಂತೆ 11 ತಿಂಗಳು ಕಟ್ಟಿದರು, ಒಟ್ಟು 74,800. ಎಲ್ಲರ ಈದ್ ಬಟ್ಟೆ ಹೊಲಿಯುವ ನಮ್ಮ ಮನೆಯಲ್ಲಿ ಆ ವರ್ಷ ಯಾರಿಗೂ ಹೊಸ ಬಟ್ಟೆ ಇರಲಿಲ್ಲ. "ಸಾಲ ಅವರದ್ದಲ್ವಾ, ನೀವು ಯಾಕೆ ಕಟ್ಟುತ್ತೀರಿ?" ಎಂದು ನಾನು ಸಿಟ್ಟಿನಲ್ಲಿ ಕೇಳಿದ್ದೆ. "ಸಹಿ ನನ್ನದಲ್ವಾ ಬೇಟಾ" ಎಂದಷ್ಟೇ ಹೇಳಿದ್ದರು.

1872ರ ಭಾರತೀಯ ಕರಾರು ಕಾಯ್ದೆಯ 128ನೆಯ ಕಲಮು ಹೇಳುವುದೂ ಅದನ್ನೇ: ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಕಂಪನಿ ಮುಳುಗಿದರೆ ಸಾಮಾನ್ಯವಾಗಿ ಮಾಲೀಕರ ಮನೆ ಆಸ್ತಿಗೆ ಕೈ ಹಾಕುವಂತಿಲ್ಲ. ಆದರೆ 2010ರ ಡಿಸೆಂಬರಿನಲ್ಲಿ ಮಲ್ಯ ಅವರು ಕಿಂಗ್‌ಫಿಷರ್ ಸಾಲಕ್ಕೆ ವೈಯಕ್ತಿಕ ಜಾಮೀನು ಬರೆದುಕೊಟ್ಟಿದ್ದರು. ಅವರ ಸ್ವಂತ ಆಸ್ತಿಯನ್ನು ಬ್ಯಾಂಕುಗಳು ಕೇಳಲು ಆಧಾರ ಆ ಸಹಿ. ಅಬ್ಬನಿಗೂ ಅವರಿಗೂ ಅನ್ವಯಿಸುವ ಕಲಮು ಒಂದೇ. ಆದರೆ ನಮ್ಮ ಮನೆಗೆ ನೋಟಿಸು ಬರಲು ಮೂರು ಕಂತು ತಪ್ಪಿದ್ದು ಸಾಕಾಯಿತು.

ಕಳೆದ ಶುಕ್ರವಾರ ಮಾಮುವಿಗೂ ಚಾಚಾನಿಗೂ ಈ ನಾಲ್ಕು ಪ್ರಶ್ನೆಗಳನ್ನು ಹೇಳಿದೆ. ಜಗಳ ನಿಲ್ಲಲಿಲ್ಲ, ಆದರೆ ಈಗ ಅವರು ಯಾವ ಪ್ರಶ್ನೆಗೆ ಜಗಳವಾಡುತ್ತಿದ್ದೇವೆ ಎಂದು ಮೊದಲು ಕೇಳಿಕೊಳ್ಳುತ್ತಾರೆ. ಗೆಳೆಯರೇ, ಮುಂದಿನ ವರ್ಷ ನಮಗೆಲ್ಲ 18 ತುಂಬುತ್ತದೆ. ನಾವು ಆರಿಸುವ ಶಾಸಕರು ವಿಧಾನಸಭೆಯಲ್ಲಿ ಕುಳಿತು ರಾಜ್ಯಸಭೆಗೂ ಮತ ಹಾಕುತ್ತಾರೆ. ಮತ ಕೇಳಲು ಮನೆಗೆ ಬಂದವರಲ್ಲಿ ರಸ್ತೆ, ನೀರಿನ ಜೊತೆ ಇದನ್ನೂ ಕೇಳೋಣ: ರಾಜ್ಯಸಭೆಗೆ ನೀವು ಯಾರಿಗೆ ಮತ ಹಾಕಿದಿರಿ, ಯಾಕೆ?