ಮೇಜಿನ ಮೇಲೊಂದು ತಾಳಗುಪ್ಪ

ಮೇಗರವಳ್ಳಿಗೆ ರೈಲಿಲ್ಲ. ತೀರ್ಥಹಳ್ಳಿ ತಾಲ್ಲೂಕಿಗೇ ಇಲ್ಲ. ಕುಪ್ಪಳಿಯ ಕವಿಯ ಹೆಸರು ಹೊತ್ತ ಕುವೆಂಪು ಎಕ್ಸ್‌ಪ್ರೆಸ್ ಕೂಡ ಶಿವಮೊಗ್ಗದಿಂದ ಸಾಗರದ ದಾರಿ ಹಿಡಿದು ತಾಳಗುಪ್ಪ ಸೇರುತ್ತದೆ. ಮಾಲ್ಗುಡಿ ಡೇಸ್ ಧಾರಾವಾಹಿಗಾಗಿ ಪಕ್ಕದ ಆಗುಂಬೆಯನ್ನು ಮಾಲ್ಗುಡಿ ಮಾಡಿದ ಶಂಕರ್‌ನಾಗ್ ರೈಲು ನಿಲ್ದಾಣ ಬೇಕೆಂದಾಗ ಹೊಸನಗರ ತಾಲ್ಲೂಕಿನ ಅರಸಾಳಿಗೇ ಹೋದರು. ಈ ಕಡೆಯವರಿಗೆ ರೈಲಿನ ಆಸೆ ಹತ್ತಿದರೆ ಅದನ್ನು ಮನೆಯ ಮೇಜಿನ ಮೇಲೆ ಕಟ್ಟಿಕೊಳ್ಳುವ ಒಂದು ಕಲೆಯಿದೆ: ಮಾದರಿ ರೈಲು.

ಇದರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಚ್‌ಒ ಅಳತೆ, ಅಂದರೆ ಅಸಲಿನ 87ರಲ್ಲಿ ಒಂದು ಪಾಲು. ಪುಣೆಯಲ್ಲಿ ಜೋಶಿಯವರ ಪುಟಾಣಿ ರೈಲಿನ ವಸ್ತುಸಂಗ್ರಹಾಲಯ 1998ರಿಂದಲೂ ಜನರನ್ನು ಸೆಳೆಯುತ್ತಿದೆ. ಆದರೆ ಮನೆಗಳಲ್ಲಿ ಕಟ್ಟಿದ ರೈಲು ಸಾಮಾನ್ಯವಾಗಿ ಸುತ್ತು ಹೊಡೆಯುತ್ತಲೇ ಇರುತ್ತದೆ. ಪ್ಯಾಸೆಂಜರ್ ರೈಲಿಗೆ ಅದು ಒಗ್ಗದು. ಅದು ನಿಲ್ಲಬೇಕು, ಎದುರಿನ ಗಾಡಿಗೆ ಕಾಯಬೇಕು, ಕೊನೆಯ ನಿಲ್ದಾಣ ಮುಟ್ಟಿ ತಿರುಗಿ ಬರಬೇಕು.

ಆ ತಿರುಗುವಿಕೆಯನ್ನು ನೋಡಬೇಕಾದರೆ ತಾಳಗುಪ್ಪಕ್ಕೇ ಹೋಗಬೇಕು. ಅಲ್ಲಿಗೆ ಹಳಿ ಮುಗಿಯುತ್ತದೆ. ಜನ ಇಳಿದು ಜೋಗದ ಬಸ್ಸು ಹುಡುಕುವ ಹೊತ್ತಿಗೆ ನಿಜವಾದ ಕೆಲಸ ಶುರುವಾಗುತ್ತದೆ. ಇಂಜಿನ್ ಮತ್ತು ಮೊದಲ ಬೋಗಿಯ ನಡುವೆ ಇಳಿದವನು ಬ್ರೇಕಿನ ಕೊಳವೆ ಬಿಚ್ಚಿ ಕೊಂಡಿ ಕಳಚುತ್ತಾನೆ. ಇಂಜಿನ್ ಒಂಟಿಯಾಗಿ ಮುಂದೆ ಸರಿದು, ಹಳಿ ಕವಲೊಡೆಯುವ ಪಾಯಿಂಟ್ ದಾಟಿ ನಿಲ್ಲುತ್ತದೆ. ಪಾಯಿಂಟ್ ಬದಲಾದ ಮೇಲೆ ಲೂಪ್ ಲೈನಿನಲ್ಲಿ ಬೋಗಿಗಳ ಪಕ್ಕದಲ್ಲೇ ಹಿಂದಕ್ಕೆ ಬಂದು, ಇನ್ನೊಂದು ತುದಿಯಲ್ಲಿ ಮೆಲ್ಲಗೆ ಮುಟ್ಟುತ್ತದೆ. ಬಂದಾಗ ಬಾಲವಾಗಿದ್ದದ್ದು ಈಗ ತಲೆ. ಮೇಜಿನ ಮೇಲೆ ಇಷ್ಟನ್ನೂ ಮಾಡಬಹುದು. ಪಾಯಿಂಟಿನಾಚೆ ಇಂಜಿನ್ ಹಿಡಿಸುವಷ್ಟು ಹಳಿ ಉಳಿಸಿಕೊಂಡಿರಬೇಕು, ಅಷ್ಟೆ. ಅದನ್ನು ಮರೆತರೆ ಇಂಜಿನ್ ಬೋಗಿ ಮತ್ತು ಗೋಡೆಯ ನಡುವೆ ಸಿಕ್ಕಿಕೊಳ್ಳುತ್ತದೆ.

ಇನ್ನು ಎದುರಿನ ಗಾಡಿಯೊಂದಿಗಿನ ಕ್ರಾಸಿಂಗ್. ಒಂಟಿ ಹಳಿಯ ದಾರಿಯಲ್ಲಿ ಮುಂದಿನ ನಿಲ್ದಾಣದವರೆಗಿನ ಪರವಾನಗಿಯಾದ ಟೋಕನ್ ಕೈಗೆ ಬಾರದೆ ಡ್ರೈವರ್ ಹೊರಡುತ್ತಿರಲಿಲ್ಲ. ನೀಲ್ ಸಾಹೇಬರ ಹೆಸರಿನ ಯಂತ್ರದಿಂದ ಹೊರಬರುತ್ತಿದ್ದ ಆ ಉಕ್ಕಿನ ಗುಂಡಿನ ಬದಲು ನಾವು ಗೋಲಿ ಬಳಸಬಹುದು. ಎರಡು ನಿಲ್ದಾಣಗಳ ನಡುವಿನ ಹಳಿಗೆ ಒಂದೇ ಗೋಲಿ. ಅದು ಅರಸಾಳಿನಲ್ಲಿದ್ದರೆ ಆನಂದಪುರದ ಗಾಡಿ ಕದಲುವಂತಿಲ್ಲ. ಗಡಿಯಾರವನ್ನೂ ಆರು ಪಟ್ಟು ಜೋರಾಗಿ ಓಡಿಸಿದರೆ ಹತ್ತು ನಿಮಿಷಕ್ಕೆ ಒಂದು ಗಂಟೆ ಕಳೆಯುತ್ತದೆ, ಇಡೀ ದಿನದ ವೇಳಾಪಟ್ಟಿ ಒಂದು ಸಂಜೆಯಲ್ಲಿ ಮುಗಿಯುತ್ತದೆ. ಆದರೆ ಇಂಜಿನ್ ತಿರುಗಿಸುವ ಕೈಗೆ ಆ ವೇಗವಿಲ್ಲ. ಐದು ನಿಮಿಷ ಹಿಡಿದರೆ ಗಡಿಯಾರದಲ್ಲಿ ಅರ್ಧ ಗಂಟೆ ಹೋಗಿರುತ್ತದೆ, ವೇಳಾಪಟ್ಟಿಯಲ್ಲಿ ಅಷ್ಟು ಬಿಡಬೇಕು.

ಜಾಗ ಕಡಿಮೆಯಿದ್ದವರಿಗೆ ನನ್ನ ಸಲಹೆ ಮೀಟರ್ ಗೇಜ್. ಇಂದಿನ ಹದಿನೈದು ಬೋಗಿಯ ಗಾಡಿ 87ರ ಅಳತೆಯಲ್ಲೂ ಹನ್ನೆರಡು ಅಡಿ ದಾಟುತ್ತದೆ. ಹಳೆಯ ಸಣ್ಣ ಗಾಡಿಗೆ 12 ಮಿಲಿಮೀಟರ್ ಹಳಿ, ನಾಲ್ಕೈದು ಬೋಗಿ ಸಾಕು.

1899ರಲ್ಲಿ ಶಿವಮೊಗ್ಗ ಮುಟ್ಟಿದ್ದ ಹಳಿ 1940ರಲ್ಲಿ ತಾಳಗುಪ್ಪಕ್ಕೆ ಬಂತು. ಈ ಶತಮಾನದಲ್ಲಿ ಅದು ಬ್ರಾಡ್ ಗೇಜ್ ಆಯಿತು. ನಡುವೆ ಕೆಲಕಾಲ ಓಡಿದ ರೈಲುಬಸ್ಸೂ ಹೋಯಿತು. ಅರಸಾಳಿನ ಹಳೆಯ ನಿಲ್ದಾಣ 2020ರಲ್ಲಿ ಕಲಾವಿದ ಜಾನ್ ದೇವರಾಜ್ ಅವರ ಕೈಯಲ್ಲಿ ಮಾಲ್ಗುಡಿ ಮ್ಯೂಸಿಯಂ ಆಗಿ ಉಳಿದುಕೊಂಡಿತು. ಅಲ್ಲೇ ಒಂದು ಕೋಣೆಯಲ್ಲಿ ಮೀಟರ್ ಗೇಜಿನ ದಿನದ ಗಾಡಿಗಳನ್ನು ಗಂಟೆಗೆ ಸರಿಯಾಗಿ ಓಡಿಸಿ ತೋರಿಸುವ ಮಾದರಿಯೊಂದು ಇರಬೇಕೆಂಬುದು ನನ್ನ ಬಹುಕಾಲದ ಆಸೆ. ಹಳಿ, ಬೋಗಿ ದುಡ್ಡಿಗೆ ಸಿಗುತ್ತವೆ. ಆದರೆ ಬೆಳಗಿನ ಗಾಡಿ ಎಲ್ಲಿ ಎಷ್ಟು ಹೊತ್ತು ಕಾಯುತ್ತಿತ್ತು, ಮಳೆಗಾಲದಲ್ಲಿ ಎಷ್ಟು ತಡವಾಗುತ್ತಿತ್ತು ಎಂಬುದನ್ನು ಆ ಲೈನಿನಲ್ಲಿ ದುಡಿದವರೇ ಹೇಳಬೇಕು. ಸಾಗರ, ಆನಂದಪುರದ ಕಡೆ ಅಂಥ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರ ಬಳಿ ಕೂತು ಬರೆದುಕೊಳ್ಳುವ ಕೆಲಸ ಇನ್ನೂ ಬಾಕಿಯಿದೆ.