ನೋಡಿದ ಕಣ್ಣಿಗೇನು ಶಿಕ್ಷೆ?

ದಾವಣಗೆರೆಯ ನಿಟ್ಟುವಳ್ಳಿಯ ನಮ್ಮ ಮನೆಯ ಮೂಲೆಯಲ್ಲಿ ಕಬ್ಬಿಣದ ಪೆಟ್ಟಿಗೆಯೊಂದಿದೆ. ಅಜ್ಜ ಮಂಡಿಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು; ಅಂಗಡಿ ಮುಚ್ಚಿದಾಗ ಪೆಟ್ಟಿಗೆ ಅವರ ಜೊತೆ ಮನೆಗೆ ಬಂತು. ಕಿರ್ದಿ, ಖಾತೆ ಪುಸ್ತಕಗಳು ಅದರೊಳಗೆ, ಬೀಗದ ಕೈ ಅವರ ಉಡಿದಾರದಲ್ಲಿ. ಸಾಹುಕಾರರ ಮಗನೇ ಕೇಳಿದರೂ ಸಾಹುಕಾರರ ಮಾತಿಲ್ಲದೆ ಪುಸ್ತಕ ಬಿಚ್ಚುತ್ತಿರಲಿಲ್ಲ. ‘ಇನ್ನೊಬ್ರ ಲೆಕ್ಕ ನೋಡೋದು ಅಂದ್ರೆ ಹೇಳದೆ ಕೇಳದೆ ಅವರ ಅಡುಗೆಮನೆಗೆ ಹೋದಂಗೆ’ ಅನ್ನುತ್ತಿದ್ದರು.

ಆ ಮಾತು ಮತ್ತೆ ನೆನಪಾದದ್ದು ದೂರದ ಬಾಸ್ಟನ್ ನಗರದ ಮೊಕದ್ದಮೆಯೊಂದನ್ನು ಓದುವಾಗ. 1992ರಲ್ಲಿ ಅಲ್ಲಿನ ತೆರಿಗೆ ಕಚೇರಿಯ ನೌಕರನೊಬ್ಬ ಬಿಡುವಾದಾಗಲೆಲ್ಲ ಕಂಪ್ಯೂಟರಿನಲ್ಲಿ ಊರವರ ಲೆಕ್ಕಪತ್ರ ತೆರೆದು ನೋಡುತ್ತಿದ್ದ. ಚುನಾವಣೆಯಲ್ಲಿ ತನ್ನನ್ನು ಸೋಲಿಸಿದ ಕೌನ್ಸಿಲರ್, ತನ್ನ ತಂದೆಯ ಮೇಲೆ ಕೇಸು ನಡೆಸಿದ್ದ ಸರ್ಕಾರಿ ವಕೀಲ, ತಾನು ಹಿಂದೆ ಓಡಾಡಿದ್ದ ಹೆಣ್ಣುಮಗಳು, ಹೀಗೆ. ಪಾಸ್‌ವರ್ಡ್ ಕಚೇರಿಯೇ ಕೊಟ್ಟದ್ದು. ಕೆಲಸವಿಲ್ಲದ ಕಡತ ತೆರೆಯಬಾರದೆಂಬ ನಿಯಮವೂ ಅವನಿಗೆ ಗೊತ್ತಿತ್ತು. ಜ್ಯೂರಿ ಅವನನ್ನು ವಂಚಕನೆಂದಿತು. ಆದರೆ 1997ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಬಿಡುಗಡೆ ಮಾಡಿತು. ಯಾರಿಗಾದರೂ ಹೇಳಿದ್ದಕ್ಕೆ, ಏನಕ್ಕಾದರೂ ಬಳಸಿದ್ದಕ್ಕೆ ಸಾಕ್ಷಿಯಿಲ್ಲ. ನೋಡಿದ್ದು ತಪ್ಪೇ ಹೌದು, ಆದರೆ ಬರೀ ಕುತೂಹಲ ವಂಚನೆಯಾಗದು ಎಂಬುದು ಅದರ ನಿಲುವು.

ಅಮೆರಿಕದ ಸಂಸತ್ತು ತಡಮಾಡಲಿಲ್ಲ. ಅದೇ ವರ್ಷದ ಆಗಸ್ಟ್ 5ರಂದು ಹೊಸ ಕಾನೂನಿಗೆ ಅಧ್ಯಕ್ಷ ಕ್ಲಿಂಟನ್ ಸಹಿ ಬಿತ್ತು. ತೆರಿಗೆದಾರರ ದಾಖಲೆಯನ್ನು ಅಧಿಕಾರವಿಲ್ಲದೆ ಸುಮ್ಮನೆ ನೋಡಿದರೂ ಅಪರಾಧ: ಒಂದು ವರ್ಷದವರೆಗೆ ಜೈಲು, ಸಾವಿರ ಡಾಲರ್‌ವರೆಗೆ ದಂಡ, ತಪ್ಪು ಸಾಬೀತಾದರೆ ನೌಕರಿಯೂ ಇಲ್ಲ. ಕಣ್ಣು ಹಾಕಿದವನ ಮೇಲೆ ದೋಷಾರೋಪ ಹೊರಿಸಿದಾಗ ಆ ವಿಷಯವನ್ನು ತೆರಿಗೆದಾರನಿಗೂ ತಿಳಿಸಬೇಕು. ಇದಾದ ಹತ್ತೇ ದಿನಕ್ಕೆ, ಆಗಸ್ಟ್ 15ರಂದು, ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾಯಿತು. ಸಂಭ್ರಮದಲ್ಲಿದ್ದ ನಮಗೆ ಬಾಸ್ಟನ್ ಯಾರಿಗೆ ಬೇಕಿತ್ತು!

ನಮ್ಮ ಕಾನೂನಿನ ಕಥೆ ಬೇರೆ ದಾರಿ ಹಿಡಿಯಿತು. ಮೈಸೂರು ಸಂಸ್ಥಾನಕ್ಕೆ 1923ರದ್ದೇ ಆದಾಯ ತೆರಿಗೆ ಕಾಯ್ದೆಯಿತ್ತು. 1950ರಲ್ಲಿ ನಾವು ಭಾರತದ 1922ರ ಕಾಯ್ದೆಯಡಿ ಬಂದೆವು. ಅದರ 54ನೇ ಕಲಂ ತೆರಿಗೆದಾರನ ವಿವರಗಳೆಲ್ಲ ಗುಟ್ಟು ಎಂದು ಸಾರಿತ್ತು. 1960ರಲ್ಲಿ ಅದಕ್ಕೊಂದು ಕಿಂಡಿ ಕೊರೆದರು: ಶುಲ್ಕ ಕಟ್ಟಿ ಅರ್ಜಿ ಹಾಕಿದರೆ, ಕಮಿಷನರ್ ಒಪ್ಪಿದರೆ, ಇಂಥವರಿಗೆ ಎಷ್ಟು ತೆರಿಗೆ ಬಿದ್ದಿದೆ ಎಂದು ಯಾರು ಬೇಕಾದರೂ ತಿಳಿಯಬಹುದಿತ್ತು. 1961ರ ಹೊಸ ಕಾಯ್ದೆಯಲ್ಲಿ 137ನೇ ಕಲಮಾಗಿ ಉಳಿದಿದ್ದ ಆ ಗೌಪ್ಯತೆಯನ್ನು 1964ರಲ್ಲಿ, ಟಿ. ಟಿ. ಕೃಷ್ಣಮಾಚಾರಿ ಹಣಕಾಸು ಮಂತ್ರಿಯಾಗಿದ್ದಾಗ, ತೆಗೆದೇಬಿಟ್ಟರು. ಉಳಿದದ್ದು 138 ಮತ್ತು 280. ಕೊಡಬಾರದೆಂದು ಸರ್ಕಾರ ಗೆಜೆಟ್‌ನಲ್ಲಿ ಆದೇಶ ಹೊರಡಿಸಿದ್ದ ಮಾಹಿತಿಯನ್ನು ಹೊರಗೆ ಕೊಟ್ಟ ನೌಕರನಿಗೆ ಆರು ತಿಂಗಳವರೆಗೆ ಜೈಲು. ಕೊಟ್ಟ ಕೈಯನ್ನು 280 ಹಿಡಿಯುತ್ತಿತ್ತು. ನೋಡಿದ ಕಣ್ಣಿನ ಮಾತನ್ನೇ ಅದು ಎತ್ತುತ್ತಿರಲಿಲ್ಲ. ಈ ಕೊರತೆ ನನ್ನನ್ನು ಕಾಡುತ್ತದೆ.

2009ರಲ್ಲಿ ಬೆಂಗಳೂರಿನಲ್ಲಿ ಆದಾಯ ತೆರಿಗೆ ರಿಟರ್ನ್‌ಗಳ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ ಬಂತು. ರಿಟರ್ನ್ ಸಲ್ಲಿಸಿದ್ದಕ್ಕೆ ಸಹಿ ಹಾಕಿದ ಒಂದು ಹಾಳೆ ಎಲೆಕ್ಟ್ರಾನಿಕ್ ಸಿಟಿಯ ಅಂಚೆ ಚೀಲಕ್ಕೆ ಹೋಗತೊಡಗಿತು. 2020ರಿಂದ ಮುಖರಹಿತ ತೆರಿಗೆ ನಿರ್ಧಾರ: ನಮ್ಮ ಕಡತ ಯಾವ ಊರಿನ ಅಧಿಕಾರಿಯ ಮುಂದಿದೆಯೋ ನಮಗೂ ತಿಳಿಯದು, ನಾವು ಯಾರೆಂಬುದು ಅವರಿಗೂ ಬೇಕಿಲ್ಲ. ಊರಿನ ಕುತೂಹಲಕ್ಕೆ ಇದೊಂದು ಒಳ್ಳೆಯ ತಡೆ, ಒಪ್ಪುತ್ತೇನೆ. ಆದರೆ ಇಮೇಲಿಗೆ ಬರುವ ಇಂಟಿಮೇಷನ್ (ತೆರಿಗೆ ಲೆಕ್ಕದ ಸೂಚನಾಪತ್ರ) ತೆರೆಯುವ ಪಾಸ್‌ವರ್ಡ್ ಯಾವುದು? ಪ್ಯಾನ್ ಸಂಖ್ಯೆ, ಜೊತೆಗೆ ಹುಟ್ಟಿದ ದಿನಾಂಕ. ಎರಡೂ ಪ್ಯಾನ್ ಕಾರ್ಡಿನ ಮೇಲೇ ಅಚ್ಚಾಗಿವೆ. ಆ ಕಾರ್ಡಿನ ಜೆರಾಕ್ಸ್ ಸಾಲ ಕೊಡುವವರಿಂದ ಹಿಡಿದು ಬೈಕ್ ಮಾರುವವರ ತನಕ ಎಲ್ಲರ ಡ್ರಾಯರಿನಲ್ಲೂ ಬಿದ್ದಿರುತ್ತದೆ. ಅಜ್ಜ ಇದನ್ನು ಬೀಗವೆಂದು ಒಪ್ಪುತ್ತಿರಲಿಲ್ಲ.

ಯಾರು ಒಳಹೊಕ್ಕರೆಂದು ಗುರುತಿಡುವ ದಾರಿ ನಮ್ಮ ನಾಡಿಗೆ ಹೊಸದಲ್ಲ. ಪಹಣಿಗಳನ್ನು ‘ಭೂಮಿ’ ಯೋಜನೆಯಡಿ ಕಂಪ್ಯೂಟರಿಗೆ ಹಾಕಿದಾಗ, ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕೆಂದು ಕರ್ನಾಟಕವೇ ಮಾಡಿತ್ತು. ತಿದ್ದಿದವರಾರು ಎಂಬುದಕ್ಕೆ ಗುರುತು ಉಳಿಯುತ್ತಿತ್ತು. ನಮ್ಮ ಆಧಾರ್ ಯಾವಾಗ ಬಳಕೆಯಾಯಿತು ಎಂಬ ಪಟ್ಟಿಯನ್ನು ಇವತ್ತು ನಾವೇ ತೆಗೆದು ನೋಡಬಹುದು. ತೆರಿಗೆ ಕಡತಕ್ಕೂ ಅಂಥದ್ದೇ ಪಟ್ಟಿ ಬೇಕು: ಯಾವ ದಿನ, ಯಾವ ಹುದ್ದೆಯವರು, ಯಾವ ಕೆಲಸಕ್ಕೆಂದು ನನ್ನ ಲೆಕ್ಕ ತೆರೆದರು ಎಂದು ನನಗೇ ಕಾಣುವ ಹಾಗೆ.